ಗಮನ ಮತ್ತು ವರ್ತನೆಯ ತೊಡಕುಳ್ಳ ಮಕ್ಕಳ ವಿಶೇಷ ಶಿಕ್ಷಣ (ಅಮೆರಿಕ)

ಪಾಠದಲ್ಲಿ ಮನಸ್ಸು ನಿಲ್ಲದ, ಕೂತಲ್ಲಿ ಕೂರಲಾಗದ, ಸಿಟ್ಟು ಆತುರಗಳನ್ನು ಹತೋಟಿಗೆ ತಂದುಕೊಳ್ಳಲು ಒದ್ದಾಡುವ ಮಕ್ಕಳಿಗೆ ಅಮೆರಿಕದ ಸರ್ಕಾರಿ ಶಾಲಾ ವ್ಯವಸ್ಥೆ ಕಾನೂನಿನಂತೆ ಉಚಿತವಾಗಿ ಒದಗಿಸಬೇಕಾದ ಬೋಧನೆ ಮತ್ತು ನೆರವಿನ ಏರ್ಪಾಡು. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಡಕು) ಇರುವ ಮಕ್ಕಳು ಇದರ ಫಲಾನುಭವಿಗಳಲ್ಲಿ ಮುಖ್ಯರು. ಸಾಮಾನ್ಯವಾಗಿ 3ರಿಂದ 21ರ ವಯೋಮಾನಕ್ಕೆ ಅನ್ವಯ.

ಇತಿಹಾಸ: ಈ ಹಕ್ಕು ರೂಪುಗೊಂಡದ್ದು ನ್ಯಾಯಾಲಯಗಳಲ್ಲಿ. 1971ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಏಳು ಮಕ್ಕಳ ಪರವಾಗಿ ಮಿಲ್ಸ್ ಮೊಕದ್ದಮೆ ಹೂಡಲಾಯಿತು. ಅವರಲ್ಲೊಬ್ಬ 12 ವರ್ಷದ, ನಾಲ್ಕನೆಯ ತರಗತಿಯ ಹುಡುಗ. ನಡತೆ ಸರಿಯಿಲ್ಲವೆಂದು ಶಾಲೆ ಅವನನ್ನು ಹೊರಗಿಟ್ಟಿತ್ತು. ಎಲ್ಲರಿಗೂ ಒದಗಿಸುವಷ್ಟು ಹಣವಿಲ್ಲವೆಂದು ಶಿಕ್ಷಣ ಮಂಡಳಿ ವಾದಿಸಿತು. ಕೊರತೆಯ ಹೊರೆ ಇಂಥ ಮಕ್ಕಳ ಮೇಲೆಯೇ ಹೆಚ್ಚಾಗಿ ಬೀಳಕೂಡದು, ವಿಚಾರಣೆಯಿಲ್ಲದೆ ಯಾರನ್ನೂ ಹೊರಹಾಕಕೂಡದು ಎಂದು 1972ರಲ್ಲಿ ನ್ಯಾಯಾಧೀಶ ಜೋಸೆಫ್ ವಾಡಿ ತೀರ್ಪಿತ್ತರು. ಈ ತೀರ್ಪು ಮತ್ತು ಪೆನ್ಸಿಲ್ವೇನಿಯದ ಇನ್ನೊಂದು ಮೊಕದ್ದಮೆಯ ಬಲದಿಂದ 1975ರ ಒಕ್ಕೂಟ ಕಾಯಿದೆ ಬಂತು. 1990ರಲ್ಲಿ ಅದಕ್ಕೆ ಐಡಿಇಎ (ಅಂಗವೈಕಲ್ಯವುಳ್ಳವರ ಶಿಕ್ಷಣ ಕಾಯಿದೆ) ಎಂದು ಹೆಸರಾಯಿತು.

ಗಮನದ ತೊಡಕನ್ನೇ ಈ ಕಾಯಿದೆಯಲ್ಲಿ ನ್ಯೂನತೆಯ ಪ್ರತ್ಯೇಕ ವರ್ಗವಾಗಿ ಸೇರಿಸಬೇಕೆಂಬ ಒತ್ತಾಯ 1990ರಲ್ಲಿ ಫಲಿಸಲಿಲ್ಲ. ಮರುವರ್ಷ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ಇಂಥ ಮಕ್ಕಳನ್ನು ‘ಇತರ ಆರೋಗ್ಯ ನ್ಯೂನತೆ’ ಮೊದಲಾದ ಹಳೆಯ ವರ್ಗಗಳಲ್ಲೇ ಪರಿಗಣಿಸಬಹುದೆಂದಿತು. 1999ರ ನಿಯಮಗಳಲ್ಲಿ ಎಡಿಎಚ್‌ಡಿಯ ಹೆಸರು ನೇರವಾಗಿ ಸೇರಿತು. ಆದರೆ ವೈದ್ಯರ ರೋಗನಿರ್ಣಯವೊಂದೇ ಸಾಲದು, ತೊಡಕಿನಿಂದ ಕಲಿಕೆಗೆ ಪೆಟ್ಟು ಬಿದ್ದು ವಿಶೇಷ ಬೋಧನೆ ಬೇಕಾಗಿದೆ ಎಂದು ಶಾಲೆಯ ತಂಡ ಒಪ್ಪಬೇಕು. ಒಪ್ಪದಿದ್ದರೆ 1973ರ ಪುನರ್ವಸತಿ ಕಾಯಿದೆಯ 504ನೆಯ ಸೆಕ್ಷನ್ನಿನಡಿ ಹೆಚ್ಚುವರಿ ಸಮಯ, ಮುಂದಿನ ಸಾಲಿನ ಆಸನದಂಥ ಅನುಕೂಲಗಳನ್ನು ಕೇಳಬಹುದು.

ಶಿಸ್ತುಕ್ರಮ: ಐಡಿಇಎ ಕಾಯಿದೆಯ ನಿಜವಾದ ಶಕ್ತಿ ಇರುವುದು ಇಲ್ಲಿ. ಹೋನಿಗ್ ಮೊಕದ್ದಮೆಯಲ್ಲಿ (1988) ಸುಪ್ರೀಂ ಕೋರ್ಟ್, ಅಂಗವೈಕಲ್ಯದಿಂದ ಹುಟ್ಟಿದ ವರ್ತನೆಗಾಗಿ ಶಾಲೆ ತಾನೇ ತಾನಾಗಿ ಮಗುವನ್ನು ದೀರ್ಘಕಾಲ ಹೊರಗಿಡುವಂತಿಲ್ಲವೆಂದಿತು. ಈಗ ಅಮಾನತು 10 ಶಾಲಾದಿನ ಮೀರಿದರೆ, ತಪ್ಪು ನ್ಯೂನತೆಯ ಪರಿಣಾಮವೇ ಎಂದು ಪೋಷಕರೊಡನೆ ಕೂತು ನಿರ್ಧರಿಸಬೇಕು. ಆಯುಧ, ಮಾದಕವಸ್ತು, ಗಂಭೀರ ದೈಹಿಕ ಗಾಯದ ಪ್ರಕರಣಗಳಲ್ಲಿ 45 ಶಾಲಾದಿನಗಳವರೆಗೆ ಬೇರೆಡೆಗೆ ಕಳಿಸಬಹುದು.

ಕಾರ್ಯವಿಧಾನ: ಪೋಷಕರ ಒಪ್ಪಿಗೆಯ ನಂತರ 60 ದಿನಗಳಲ್ಲಿ, ಅಥವಾ ರಾಜ್ಯ ಗೊತ್ತುಮಾಡಿದ ಅವಧಿಯಲ್ಲಿ, ಮೌಲ್ಯಮಾಪನ ಮುಗಿಯಬೇಕು. ಅರ್ಹ ಮಗುವಿಗೆ ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಲಾಗುತ್ತದೆ. ಅದರ ಪರಿಶೀಲನೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ವರ್ತನೆಯೇ ತೊಡಕಾದಲ್ಲಿ ಮಾಡುವ ವಿಶ್ಲೇಷಣೆಯಲ್ಲಿ ಶಿಕ್ಷಕರು ಘಟನೆಗೆ ಮುಂಚೆ ಏನಿತ್ತು, ಮಗು ಏನು ಮಾಡಿತು, ಬಳಿಕ ಏನಾಯಿತು ಎಂದು ಬರೆದಿಡುತ್ತಾರೆ. ಉದಾಹರಣೆಗೆ, ಲೆಕ್ಕದ ಹಾಳೆ ಕೈಗೆ ಬಂದೊಡನೆ ಹುಡುಗ ಅದನ್ನು ಹರಿಯುತ್ತಾನೆ, ಶಿಕ್ಷೆಯಾಗಿ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗುತ್ತಾನೆ, ಲೆಕ್ಕ ಮಾಡುವುದು ತಪ್ಪುತ್ತದೆ. ಇಲ್ಲಿ ಶಿಕ್ಷೆಯೇ ಅವನಿಗೆ ಬಹುಮಾನ. ಹಾಳೆಯಲ್ಲಿ ಅರ್ಧ ಲೆಕ್ಕ ಕೊಟ್ಟು, ಬಿಡುವು ಬೇಕೆಂದು ಚೀಟಿ ತೋರಿಸಿ ಕೇಳುವುದನ್ನು ಕಲಿಸಿದರೆ ಹರಿಯುವ ಅಗತ್ಯ ತಗ್ಗಬಹುದು. ಔಷಧಿ ಕೊಡಿಸಿದರೆ ಮಾತ್ರ ಶಾಲೆಗೆ ಸೇರಿಸುತ್ತೇವೆ ಎನ್ನುವುದನ್ನು ಐಡಿಇಎಯ 2004ರ ತಿದ್ದುಪಡಿ ನಿಷೇಧಿಸಿದೆ.

ಮಿತಿಗಳು: ವಿಶೇಷ ಶಿಕ್ಷಣದ ಹೆಚ್ಚುವರಿ ವೆಚ್ಚಕ್ಕಾಗಿ, ರಾಷ್ಟ್ರೀಯ ಸರಾಸರಿ ತಲಾ ವೆಚ್ಚದ ಶೇ. 40ರವರೆಗೆ ನೆರವಾಗುವ ಗುರಿಯನ್ನು ಒಕ್ಕೂಟ ಸರ್ಕಾರ ಈವರೆಗೆ ಮುಟ್ಟಿಲ್ಲ. ಹಕ್ಕು ಚಲಾಯಿಸುವ ಹೊಣೆ ಬಹುಮಟ್ಟಿಗೆ ಪೋಷಕರ ಮೇಲೆಯೇ ಬೀಳುವುದರಿಂದ, ಬಿಡುವು ಮತ್ತು ವಕೀಲರ ನೆರವು ಇಲ್ಲದ ಮನೆಗಳ ಮಕ್ಕಳು ಹಿಂದೆ ಬೀಳುವ ಸಂಭವ ಹೆಚ್ಚು.

ಭಾರತ: ಅಂಗವಿಕಲರ ಹಕ್ಕುಗಳ ಕಾಯಿದೆ 2016ರ 21 ನ್ಯೂನತೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಇವೆ, ಎಡಿಎಚ್‌ಡಿಯ ಹೆಸರಿಲ್ಲ. ಅಮೆರಿಕದಿಂದ ಮರಳುವ ಕನ್ನಡ ಕುಟುಂಬಗಳು ಜೊತೆಗೆ ತರುವ ಐಇಪಿ ಇಲ್ಲಿನ ಶಿಕ್ಷಕರಿಗೆ ಮಾಹಿತಿಯಾಗಿ ಉಪಯುಕ್ತ, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ.