ಮೂತ್ರಪಿಂಡ ರೋಗ ಮತ್ತು ಮೂಳೆ: ಸೇಲಂ–ಧರ್ಮಪುರಿ ಸೀಮೆ
ದೀರ್ಘಕಾಲದ ಮೂತ್ರಪಿಂಡ ರೋಗದಲ್ಲಿ ರಕ್ತದ ಫಾಸ್ಫೇಟ್ ಹೆಚ್ಚುತ್ತದೆ, ವಿಟಮಿನ್ ಡಿ ಸಕ್ರಿಯ ರೂಪ ತಾಳುವುದು ಕುಗ್ಗುತ್ತದೆ, ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ ಮೂಳೆಯ ಕ್ಯಾಲ್ಸಿಯಂ ಸೆಳೆಯುತ್ತದೆ. ಸಣ್ಣ ಬೀಳುವಿಕೆಯಲ್ಲೇ ಸೊಂಟದ ಮೂಳೆ ಮುರಿಯಬಹುದು.

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಇದರ ಜೊತೆಗೆ ನೀರಿನ ಫ್ಲೋರೈಡ್ ಕೂಡ ಇದೆ. ಗಟ್ಟಿ ಶಿಲೆಯ ನೆಲದ ಹಲವು ಕೊಳವೆಬಾವಿಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮುಖ್ಯವಾಗಿ ಮೂತ್ರಪಿಂಡ. ಅದು ಸೋತಾಗ ಫ್ಲೋರೈಡ್ ಮೂಳೆಯಲ್ಲೇ ಶೇಖರವಾಗುತ್ತದೆ. ಹಾಗಾಗಿ ಆರೋಗ್ಯವಂತರು ತಾಳಿಕೊಳ್ಳುವ ನೀರೂ ಈ ರೋಗಿಗಳಿಗೆ ಹೆಚ್ಚು ಹಾನಿ ಮಾಡಬಲ್ಲದು. ಅತಿಯಾದ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ತಗುಲಿದ ಮೂಳೆ ಎಕ್ಸ್-ರೇಯಲ್ಲಿ ದಟ್ಟವಾಗಿ ಕಂಡರೂ ಪೆಡಸಾಗಿರುತ್ತದೆ. ಇಲ್ಲಿನ ರೋಗಿಯ ಮುರಿತದ ಅಪಾಯವನ್ನು ಸಾಂದ್ರತೆಯ ಅಳತೆಯೊಂದರಿಂದಲೇ ನಿರ್ಧರಿಸುವುದು ತಪ್ಪು.

ಕನ್ನಡ ಮಾತನಾಡುವ ಕುಟುಂಬಗಳೂ ನೆಲೆಸಿರುವ ಧರ್ಮಪುರಿ, ಕೃಷ್ಣಗಿರಿಗಳಿಗೆ ಕಾವೇರಿ ನೀರೊದಗಿಸುವ ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ತಡೆ ಯೋಜನೆ ಜಪಾನಿನ ಸಾಲದ ನೆರವಿನಿಂದ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು. 2008ರಲ್ಲಿ ಕರ್ನಾಟಕದಲ್ಲಿ ಇದಕ್ಕೆ ತೀವ್ರ ವಿರೋಧ ಎದ್ದಿತ್ತು. ಆದರೂ ವೈದ್ಯಕೀಯವಾಗಿ ಇದರ ಅಗತ್ಯ ನಿರ್ವಿವಾದ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಡಯಾಲಿಸಿಸ್‌ಗೆ ಬಳಸುವ ನೀರನ್ನು ಫ್ಲೋರೈಡನ್ನೂ ತೆಗೆಯುವ ರಿವರ್ಸ್ ಆಸ್ಮೋಸಿಸ್ ವಿಧಾನದಿಂದ ಶುದ್ಧೀಕರಿಸುತ್ತಾರೆ.