ವಿರಾಜಪೇಟೆ–ದುಬೈ: ವಿಮಾನ ದೂರ ಮತ್ತು ಪ್ರಯಾಣದ ಅವಧಿ

ಕೊಡಗು ಜಿಲ್ಲೆಗೆ ರೈಲೂ ಬಂದಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹಾಗಾಗಿ ವಿರಾಜಪೇಟೆಯಿಂದ ದುಬೈ ಎಷ್ಟು ದೂರ ಎಂಬುದು, ಯಾವ ನಿಲ್ದಾಣದಲ್ಲಿ ವಿಮಾನ ಹತ್ತುತ್ತೇವೆ ಎಂಬುದನ್ನು ಅವಲಂಬಿಸಿದೆ. ವಿಮಾನ ದೂರ ಎಂದರೆ ಎರಡು ನಿಲ್ದಾಣಗಳ ನಡುವೆ ಭೂಮಿಯ ಮೈಮೇಲೆ ಎಳೆಯಬಹುದಾದ ಅತಿ ಚಿಕ್ಕ ಗೆರೆ. ಈ ಲೆಕ್ಕದಲ್ಲಿ ಬೆಂಗಳೂರಿನ ದೇವನಹಳ್ಳಿಯಿಂದ ದುಬೈಗೆ ಸುಮಾರು 2,700 ಕಿ.ಮೀ., ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣದಿಂದ ಸುಮಾರು 2,600. ಆಕಾಶದಲ್ಲಿ ಈ ನೂರು ಕಿ.ಮೀ. ಹತ್ತು ನಿಮಿಷದ ಮಾತು. ಎರಡೂ ಕಡೆಯಿಂದ ಹಾರಾಟಕ್ಕೆ ನಾಲ್ಕು ಗಂಟೆಯ ಆಸುಪಾಸು ಸಾಕು. ನಿಜವಾದ ವ್ಯತ್ಯಾಸ ಇರುವುದು ನೆಲದ ಮೇಲೆ. ದೇವನಹಳ್ಳಿಗೆ ಗೋಣಿಕೊಪ್ಪ, ಹುಣಸೂರು, ಮೈಸೂರು ದಾಟಿ ಸುಮಾರು 280 ಕಿ.ಮೀ. ಹೋಗಬೇಕು. ಅದಕ್ಕೆ ಆರೇಳು ಗಂಟೆ ಬೇಕು, ಅಂದರೆ ಹಾರಾಟಕ್ಕಿಂತ ರಸ್ತೆಯೇ ಹೆಚ್ಚು ಹೊತ್ತು ತಿನ್ನುತ್ತದೆ. 2018ರ ಡಿಸೆಂಬರ್ 9ರಂದು ಆರಂಭವಾದ ಕಣ್ಣೂರು ನಿಲ್ದಾಣವಾದರೋ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ಮಾರ್ಗವಾಗಿ 60 ಕಿ.ಮೀ. ಒಳಗೇ ಸಿಗುತ್ತದೆ. ಘಾಟಿ ಇಳಿಯುವುದೂ ಸೇರಿ ಎರಡು ಗಂಟೆಯ ದಾರಿ. ದಕ್ಷಿಣ ಕೊಡಗಿನವರ ವಿದೇಶ ಪ್ರಯಾಣವನ್ನು ಹತ್ತಿರ ಮಾಡಿದ್ದು ವೇಗದ ವಿಮಾನವಲ್ಲ, ಗಡಿಯಾಚೆ ಎದ್ದ ಈ ನಿಲ್ದಾಣ.

ಕಣ್ಣೂರಿನಿಂದ ಹಾರುವುದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು: ಬೆಂಗಳೂರಿನಲ್ಲಿ ವಿಮಾನಗಳು ಹೆಚ್ಚು. ಕಣ್ಣೂರಿನಲ್ಲಿ ವಿದೇಶಿ ಕಂಪನಿಗಳಿಗೆ ಅನುಮತಿ ಸಿಗದೆ ಭಾರತೀಯ ಕಂಪನಿಗಳಷ್ಟೇ ನಿಯಮಿತ ಹಾರಾಟ ನಡೆಸಿಕೊಂಡು ಬಂದಿವೆ. ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಇದು ದೊಡ್ಡ ತೊಡಕಲ್ಲ, ಏಕೆಂದರೆ ನೇರ ವಿಮಾನಗಳಿವೆ. ದೂರ ಹೆಚ್ಚಿದಂತೆ ಮಾತ್ರ ಈ ಆಕ್ಷೇಪಕ್ಕೆ ಬಲ ಬರುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಬೆಂಗಳೂರಿನ ನಡುವೆ ಸುಮಾರು 14,000 ಕಿ.ಮೀ. ದೂರದ ತಡೆರಹಿತ ಸೇವೆ ಆರಂಭಿಸಿತು. ಅಂಥ ಪ್ರಯಾಣದಲ್ಲಿ ನಡುವೆ ವಿಮಾನ ಬದಲಿಸುವ ಕಾಯುವಿಕೆ ತಪ್ಪುವುದರಿಂದ ರಸ್ತೆಯ ಆರೇಳು ಗಂಟೆ ವ್ಯರ್ಥವಲ್ಲ. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ಮಾಕುಟ್ಟ ಘಾಟಿ ಮಳೆಗಾಲದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ನಿಲ್ದಾಣ ತೆರೆಯುವ ಆರು ತಿಂಗಳ ಮೊದಲು, 2018ರ ಜೂನ್‌ನಲ್ಲೇ, ಗುಡ್ಡ ಕುಸಿದು ಇಲ್ಲಿ ಸಂಚಾರ ನಿಂತಿತ್ತು. ಹೀಗಾದಾಗಲೆಲ್ಲ ಕುಟ್ಟ, ಮಾನಂತವಾಡಿಯ ಕಡೆಯಿಂದ ಸುತ್ತಬೇಕಾಗುತ್ತದೆ, ಎರಡು ಗಂಟೆಯ ಲೆಕ್ಕ ತಲೆಕೆಳಗಾಗುತ್ತದೆ. ಆದರೆ ಇದು ಕಣ್ಣೂರನ್ನು ಬಿಡಲು ಕಾರಣವಲ್ಲ, ಘಾಟಿ ರಸ್ತೆಯನ್ನು ಭದ್ರಪಡಿಸಲು ಕಾರಣ. ವರ್ಷದ ಹೆಚ್ಚಿನ ತಿಂಗಳು ಆ ದಾರಿಯೇ ಮೇಲು.

ಟಿಕೆಟಿನಲ್ಲಿ ಕಾಣುವ ವೇಳೆಯನ್ನು ಅವಧಿ ಎಂದು ತಿಳಿಯಬಾರದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಹೋಗುವಾಗ ಎರಡೂವರೆ ಗಂಟೆ, ಬರುವಾಗ ಐದರಿಂದ ಐದೂವರೆ ಗಂಟೆ ಹಿಡಿದಂತೆ ತೋರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣ್ಣೂರಿನಿಂದ ಹಾರುವವರು ವಿಮಾನದ ವೇಳೆಯ ಜತೆಗೆ ಮಾಕುಟ್ಟ ರಸ್ತೆಯ ಸ್ಥಿತಿಯನ್ನೂ ವಿಚಾರಿಸಿಕೊಂಡೇ ಮನೆಯಿಂದ ಹೊರಡಬೇಕು.