ಪಾಯಸದಾಗಿನ ಅಕ್ಕಿ ಯಾವ ಅಕ್ಕಿ?

ಈ ಸಲ ಬೀಜ, ಗೊಬ್ಬರ, ರೇಟಿನ ಮಾತು ಬಿಟ್ಟು ಪಾಯಸದ ಇತಿಹಾಸ ಬರದೀನಿ. ಆದ್ರ ಮಾತು ಕಡೀಕ ಹೊಲಕ್ಕ ಬರತೈತಿ, ಪೂರ್ತಿ ಓದ್ರಿ.

'ಪಯಸ್' ಅಂದ್ರ ಸಂಸ್ಕೃತದಾಗ ಹಾಲು. ಅದರಿಂದ ಪಾಯಸ. ಹೆಸರಿನ್ಯಾಗ ಹಾಲು ಐತಿ, ಅಕ್ಕಿ ಇಲ್ಲ ನೋಡ್ರಿ.

ನಮ್ಮ ಲಕ್ಷ್ಮೇಶ್ವರಕ್ಕ ಹಿಂದ ಪುಲಿಗೆರೆ ಅಂತಿದ್ರು. ಅದು ಕಲ್ಯಾಣ ಚಾಲುಕ್ಯರ ಸೀಮಿ. ಆ ಕಾಲದಾಗ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಅನ್ನೋ ಕನ್ನಡ ಪುಸ್ತಕ ಬರದ. ಬಾವಿ ನೀರು, ಗಿಡಮರ, ದನದ ಔಷಧದ ಜೊತಿಗೆ ಅಡಗಿ ವಿಷಯನೂ ಅದರಾಗ ಐತಿ. ನೂರು ವರ್ಷದ ಮ್ಯಾಲೆ, 1129ರ ಸುಮಾರಿಗೆ, ಚಾಲುಕ್ಯ ಅರಸ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರದ. ಅದರಾಗ ರಕ್ತಶಾಲಿ, ಗಂಧಶಾಲಿ ಅಂತ ಹಲವು ಅಕ್ಕಿ ಹೆಸರು ಬರತಾವ. ಶಾಸನದಾಗೂ ದೇವರ ಅಮೃತಪಡಿಗೆ ಕೆರಿ ಕೆಳಗಿನ ಗದ್ದಿ ದಾನ ಕೊಟ್ಟದ್ದು ಕರ್ನಾಟಕದ ತುಂಬ ಸಿಗತೈತಿ. ಅಂದ್ರ ಭತ್ತದ ಅಕ್ಕಿ ಅರಮನಿ ಮತ್ತು ಗುಡಿಯ ಊಟ.

ನಮ್ಮ ಎರಿ, ಮಸಾರಿ ಹೊಲಕ್ಕ ಮಳಿನೇ ಗತಿ. ಇಲ್ಲಿ ಜ್ವಾಳ, ಗೋದಿ, ನವಣಿ, ಸಾವಿ. ಭತ್ತ ಬೇಕಂದ್ರ ಹಾನಗಲ್ಲ, ಕಲಘಟಗಿ ಕಡೆಯಿಂದ ಬರಬೇಕು. ಹಂಗಾಗಿ ನಮ್ಮ ಹಬ್ಬಕ್ಕ ಗೋದಿ ಹುಗ್ಗಿ. ಇನ್ನೊಂದು ಮಾತು: ನಮ್ಮ ಹಿರ್ಯಾರು ಸಿಪ್ಪಿ ತಗದ ಕಾಳಿಗೆಲ್ಲ ಅಕ್ಕಿ ಅಂದ್ರು. ನವಣಿ ಅಕ್ಕಿ, ಸಾವಿ ಅಕ್ಕಿ.

1953ರಲ್ಲಿ ತುಂಗಭದ್ರಾ ಡ್ಯಾಮಿನ ನೀರು ಕಾಲುವಿಗೆ ಬಂತು. ಗಂಗಾವತಿ, ಸಿಂಧನೂರು ಕಡೆ ಭತ್ತ ಹಬ್ಬಿ, ಅಲ್ಲಿಯ ಅಕ್ಕಿ ನಮ್ಮ ಸಂತಿಗೆ ಬಂತು. 2013ರ ಜುಲೈಯಿಂದ ಅನ್ನಭಾಗ್ಯದಾಗ ಕಿಲೋಕ್ಕ 1 ರೂಪಾಯಿಯಂಗ ಸಿಕ್ಕಿತು. ಬಡವರ ಹೊಟ್ಟಿ ತುಂಬಿತು, ಅದು ಸಣ್ಣ ಮಾತಲ್ಲ. ಆದ್ರ ಒಳ್ಳಾಗ ನವಣಿ ಕುಟ್ಟೋ ಕಷ್ಟ ಹೆಣ್ಮಕ್ಕಳಿಗೆ ತಪ್ಪಿದಂಗ, ನವಣಿ ಹೊಲವೂ ಕಡಿಮಿ ಆತು. ಆ ಜಾಗಕ್ಕ ಹತ್ತಿ, ಗೋವಿನಜ್ವಾಳ ಬಂದ್ವು.

ಈಗ ಮಾಡೋ ರೀತಿ. 1 ಲೀಟರ್ ಗಟ್ಟಿ ಎಮ್ಮಿ ಹಾಲಿಗೆ ಒಂದೂವರಿ ಹಿಡಿ ಅಕ್ಕಿ ಸಾಕು. ಅರ್ಧ ತಾಸು ನೆನಸಿ, ಕೈಯಾಗ ತಿಕ್ಕಿ ಅರ್ಧ ಮುರೀರಿ. ಮುರಿದ ಕಾಳಿನ ಹಿಟ್ಟು ಹಾಲಿಗೆ ಬಿಟ್ಟಾಗನ ಪಾಯಸ ಕೆನಿಯಂಗ ಆಗೋದು. ದಪ್ಪ ತಳದ ಪಾತ್ರಿ, ಸಣ್ಣ ಉರಿ, ಮುಕ್ಕಾಲು ತಾಸು ಕೈ ಬಿಡದ ತಿರುವ್ರಿ. ಹಳೇ ಅಕ್ಕಿ ಉದುರುದುರು ಆಗತೈತಿ, ಪಾಯಸಕ್ಕ ಹೊಸ ಅಕ್ಕಿನೇ ಚಲೋ. ಬೆಲ್ಲ ಹಾಕೋದಾದ್ರ ಕೆಳಗಿಳಿಸಿ, ಸ್ವಲ್ಪ ಆರಿದ ಮ್ಯಾಲೆ ಹಾಕ್ರಿ. ಬೆಲ್ಲದಾಗ ಹುಳಿ ಅಂಶ ಇರೋದ್ರಿಂದ ಕುದಿಯೋ ಹಾಲು ಒಡೀತೈತಿ. ಯಾಲಕ್ಕಿ, ತುಪ್ಪ ಕಡೀಕ.

ಇದೇ ಅಳತಿಗೆ ನವಣಿ ಅಕ್ಕಿ ಹಾಕಿ ನೋಡ್ರಿ, ಕೆನಿ ಕಡಿಮಿ ಆಗೂದಿಲ್ಲ. ಸುಮಾರು 90 ದಿನದ ಬೆಳಿ, ಮಸಾರಿಗೆ ಒಗ್ಗತೈತಿ. ಕುಟ್ಟೋಕ ಈಗ ಮಷಿನ್ ಅದಾವ. ಮುಂಗಾರಿಗೆ ಹೊಲದ ಮಗ್ಗಲದಾಗ ನಾಲ್ಕು ಸಾಲರೆ ನವಣಿ ಬಿತ್ತಿದ್ರ, ಪಾಯಸಕ್ಕ ಅಂಗಡಿಗೆ ಹೋಗೋದು ತಪ್ಪತೈತಿ. ನಿಮ್ಮ ಊರಾಗ ನಾಟಿ ನವಣಿ ಬೀಜ ಯಾರ ಹತ್ರರೆ ಉಳಿದಿದ್ರ ತಿಳಸ್ರಿ.